ಕಾಲೇಜು ನೋಡಲು ಹೋದ ಕುರುಮಯ್ಯ

ಮಕ್ತಲ್ ಹತ್ತಿರದ ಒಂದೂರು. ಅಲ್ಲಿ ಕುರುಮಯ್ಯನ ಕುರಿಗಳಿಗೆ ಹೊಟ್ಟೆ ಕೆಟ್ಟಿತ್ತು. ವಾರದಲ್ಲಿ ಎರಡು ಮರಿ ಸತ್ತಿದ್ದವು. ಮಗಳು ಅಖಿಲಾ ಡಿಗ್ರಿ ಎರಡನೇ ವರ್ಷದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಅವಳು ಬಸ್ಸಿಳಿದು ಬರುವುದನ್ನೇ ಅಪ್ಪ ಕಾಯುತ್ತಿದ್ದ.

“ಕುರಿ ಹಿಕ್ಕಿ ತಂದಿಟ್ಟೀನಿ. ಒಳಗ ಹುಳ ಐತೇನು, ನೋಡಿ ಹೇಳವ್ವ.”

“ಅದನ್ನ ಸೂಕ್ಷ್ಮದರ್ಶಕದಾಗ ನೋಡಬೇಕಪ್ಪ. ನಾ ಅದನ್ನ ಒಂದ್ಸಲನೂ ಮುಟ್ಟಿಲ್ಲ.”

“ಮತ್ತ ಎರಡು ವರ್ಷ ಏನು ಮಾಡಿದಿ?”

“ಲ್ಯಾಬಿಗೆ ಬೀಗ ಐತಿ. ಕಲಿಸೋ ಸರ್ ಬ್ಯಾರೆ ಊರಿಗೆ ಬದಲಿಯಾಗಿ ಹೋದ್ರು, ಮತ್ತೊಬ್ರು ಬರಲಿಲ್ಲ. ಹಿಂದಿನ ವರ್ಷದವರ ಲ್ಯಾಬ್ ಪುಸ್ತಕ ನೋಡಿ ಚಿತ್ರ ಬರ್ಕೊಂತೀವಿ.” ಅಖಿಲಾಳ ಕಣ್ಣು ತುಂಬಿ ಬಂತು.

“ಹಂಗಾದ್ರ ನಾಳಿಂದ ಹೋಗಬ್ಯಾಡ. ಕುರಿ ಕಾಯಾಕ ಬಾ!” ಕುರುಮಯ್ಯ ಸಿಡುಕಿದ.

ಮಹಿಳಾ ಸಂಘದ ಸಂಗಮ್ಮ ಮಜ್ಜಿಗೆಗೆಂದು ಬಂದಿದ್ದಳು. ಅವಳಿಗೆ ತಡೆಯಲಾಗಲಿಲ್ಲ.

“ಕುರುಮಯ್ಯಣ್ಣ, ಸಂತ್ಯಾಗ ಕುರಿ ಕೊಳ್ಳಾಗ ಬಾಯಿ ಬಿಡಿಸಿ ಹಲ್ಲು ನೋಡ್ತಿ, ಹೌದಿಲ್ಲೋ?”

“ನೋಡದ ಯಾರು ಕೊಳ್ತಾರ?”

“ಮಗಳನ್ನ ಕಾಲೇಜಿಗೆ ಹಾಕಿದಿ. ಅದರೊಳಗ ಒಂದ್ಸಲನಾದ್ರೂ ಕಾಲಿಟ್ಟೀಯೇನು?”

“ಓದು ಬರಲಾರದವ ನಾನು. ಅಲ್ಲಿ ಹೋಗಿ ಏನಂತ ಕೇಳ್ಲಿ?”

“ಬೀಗ ಕಾಣಾಕ ಓದು ಬೇಕೇನು? ಹುಡುಗೀನ ಬಿಡಿಸಾಕ ನಿನಗ ಧೈರ್ಯ ಐತಿ, ಬೀಗ ತೆಗಿರಿ ಅನ್ನಾಕ ಇಲ್ಲೇನು? ಹತ್ತು ಮಂದಿ ತಂದೆ ತಾಯಿ ಸೇರಿ ದರಖಾಸ್ತು ಕೊಡೋಣ. ಕೊಟ್ಟಿದ್ದಕ್ಕ ರಸೀದಿ ಇಸ್ಕೊಳ್ಳೋಣ.”

“ಆಗಲಿ, ಸೋಮವಾರ ಹೋಗೋಣ,” ಅಂದ ಕುರುಮಯ್ಯ. ಮರುದಿನ ಕುರಿಗಳನ್ನು ಪಶುವೈದ್ಯರಿಗೆ ತೋರಿಸಿ, ಸೋಮವಾರ ಕಂಬಳಿ ಹೆಗಲಿಗೇರಿಸಿ ಬಸ್ಸು ಹತ್ತಿದ. ಜೊತೆಗೆ ಹೆಂಡತಿ ಕಿಷ್ಟಮ್ಮ, ಸಂಗಮ್ಮ, ಇನ್ನೂ ಎಂಟು ಮಂದಿ. ಇಷ್ಟು ಜನರನ್ನು ಕಂಡು ಪ್ರಿನ್ಸಿಪಾಲರು ಗಾಬರಿಯಾದರು. ಬಂದ ಕಾರಣ ಕೇಳಿದ ಮೇಲೆ ಕುರ್ಚಿ ಹಾಕಿಸಿದರು.

“ನಾನೂ ಎರಡು ಸಲ ಮ್ಯಾಲಿನವರಿಗೆ ಬರೆದೀನ್ರಿ. ಕೇಳೋರೇ ಇಲ್ಲ. ನಿಮ್ಮ ಸಹಿ, ಹೆಬ್ಬೆಟ್ಟು ಇದ್ರ ನನಗೂ ಬಲ ಬರ್ತೈತ್ರಿ.”

ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಕೆಲಸ ಆಗಿಬಿಡುತ್ತದೆಯೇ? ಇಲ್ಲ. ಮುಂದಿನ ಸೋಮವಾರವೂ ಅವರು ಹೋದರು. ಅದರ ಮುಂದಿನ ಸೋಮವಾರವೂ ಹೋದರು. “ಇವರಿಗೆ ಬೇರೆ ಕೆಲಸ ಇಲ್ಲೇನು?” ಎಂದು ಊರಲ್ಲಿ ಕೆಲವರು ನಕ್ಕರು. ನಗಲಿ ಬಿಡಿ, ನಗುವವರ ಮಕ್ಕಳೂ ಅದೇ ಕಾಲೇಜಿಗೆ ಬರುವವರು. ಐದನೇ ವಾರ ಪ್ರಾಣಿಶಾಸ್ತ್ರ ಕಲಿಸಲು ರಜಿತಾ ಎಂಬ ಅತಿಥಿ ಉಪನ್ಯಾಸಕಿ ಬಂದರು. ಲ್ಯಾಬಿನ ಬಾಗಿಲು ತೆರೆಯಿತು.

ಅವತ್ತು ಅಖಿಲಾ ಮನೆಗೆ ಬಂದಾಗ ಕೈಯೆಲ್ಲ ಔಷಧಿ ವಾಸನೆ, ಬಾಯಿಗೆ ಬಿಡುವಿಲ್ಲದಷ್ಟು ಮಾತು. ಕುರುಮಯ್ಯ ಎಲ್ಲವನ್ನೂ ಕೇಳಿದ. ಅವನಿಗೆ ಹೆಮ್ಮೆಯಾಗಿತ್ತು. ಆಮೇಲೆ ಮೆಲ್ಲಗೆ ವಿಚಾರಿಸಿದ:

“ಕಾಲೇಜಿನ ಗ್ರಂಥಾಲಯ ತೆರೀತಾರೇನವ್ವ? ಸೋಮವಾರ ಬಂದು ಅದನ್ನೂ ನೋಡ್ತೀನಿ.”

ಓದುಗರೇ, ನಿಮ್ಮ ಮಗನೋ ಮಗಳೋ ಓದುವ ಕಾಲೇಜಿನೊಳಗೆ ನೀವು ಯಾವಾಗ ಹೋಗಿದ್ದಿರಿ? ಈ ತಿಂಗಳೇ ಹೋಗಿ. ಪಾಠ ನಡೆಯುತ್ತಿದೆಯೇ, ಕಲಿಸುವವರು ಇದ್ದಾರೆಯೇ, ಕಣ್ಣಾರೆ ನೋಡಿ. ಕೊರತೆ ಕಂಡರೆ ಹತ್ತು ಮಂದಿ ಕೂಡಿ ಬರೆದುಕೊಡಿ, ಉತ್ತರ ಬರುವವರೆಗೂ ಬಿಡಬೇಡಿ. ಕಾಲೇಜು ಸರಿಯಿಲ್ಲವೆಂದು ಮಕ್ಕಳನ್ನು ಬಿಡಿಸಬೇಡಿ, ಕಾಲೇಜನ್ನು ಸರಿ ಮಾಡಿಸಿ.