ನಡೆದು ಬರುವ ಗೋಡೆ

ದಾಂಡೇಲಿಯ ಒಂದು ಏರಿನಲ್ಲಿ ಮೆಕ್ಯಾನಿಕ್ ಸುಭಾನಿಯ ಮನೆ. ಹಿತ್ತಲಿಗೆ ಅಂಟಿಕೊಂಡು ಆರಡಿ ಎತ್ತರದ ಮಣ್ಣಿನ ದಿಬ್ಬ. ಪ್ರತಿ ಮಳೆಗಾಲವೂ ಅದು ಒಂದಿಷ್ಟು ಕುಸಿದು ಕಿಟಕಿಯ ಹತ್ತಿರ ಬರುತ್ತದೆ. ಆ ಕಿಟಕಿಯ ಒಳಗೆ ಏಳು ವರ್ಷದ ಮಗಳು ತರನ್ನುಮ ಮಲಗುತ್ತಾಳೆ. ಅದಕ್ಕೇ ಈ ಸಲ ದಿಬ್ಬ ತಡೆಯಲು ಗೋಡೆ ಕಟ್ಟಿಸುವುದೆಂದು ಗಂಡ ಹೆಂಡತಿ ನಿಶ್ಚಯಿಸಿ, ಪಾಯ ತೋಡಿಸಿದ್ದರು.

ಅಂದಿನಿಂದ ಹೆಂಡತಿ ಸಿರಾಜುನ್ನಿಸಾಗೆ ಮಧ್ಯಾಹ್ನ ಕಣ್ಣು ಹತ್ತಿದರೆ ಒಂದೇ ಕನಸು. ಹೊಸ ಗೋಡೆ ಸದ್ದಿಲ್ಲದೆ ಮಗಳ ಹಾಸಿಗೆಯ ಕಡೆ ನಡೆದು ಬರುತ್ತದೆ. ಅದಕ್ಕೆ ಸಿಟ್ಟಿಲ್ಲ, ಅವಸರವೂ ಇಲ್ಲ. ಬರುತ್ತದೆ, ಅಷ್ಟೇ. ಎಚ್ಚರವಾದ ಕೂಡಲೇ ಅವಳು ಎದ್ದು ಕಿಟಕಿಯಾಚೆಯ ಪಾಯವನ್ನು ನೋಡುತ್ತಾಳೆ.

"ಗ್ವಾಡಿ ಎಲ್ಲೆರೆ ನಡೀತಾವೇನ?" ಊಟಕ್ಕೆ ಬಂದ ಸುಭಾನಿ ಕನಸಿನ ಮಾತು ಕೇಳಿ ನಕ್ಕ. "ನೆಲದ ಥಂಡಿ ಗ್ವಾಡಿಗೆ ಏರಬಾರದಂತ ಪಾಯಾದಾಗ ದಪ್ಪನ ಪ್ಲಾಸ್ಟಿಕ್ ಸೈತ ಹಾಸೇನಿ. ನೀ ಚಿಂತಿ ಬಿಡು."

"ನಡೀತಾವ ಅಣ್ಣಾ," ಎಂದು ಬೇಲಿಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ಸ್ವಪ್ನಾ. ಸಿವಿಲ್ ಡಿಪ್ಲೊಮಾ ಓದಿ ಕಟ್ಟಡದ ಕೆಲಸ ನೋಡಿಕೊಳ್ಳುವ ಹುಡುಗಿ. ಒಳಗೆ ಬಂದು ಪಾಯ ನೋಡಿದಳು. "ಒಂದೂವರೆ ಅಡಿ ಅಗಲ ಅಷ್ಟ?"

"ಅಗಲ ಮಾಡಿದ್ರ ರಿಪೇರಿ ಗಾಡಿ ಎಲ್ಲಿ ನಿಂದ್ರಸ್ಲಿ ತಂಗಿ?"

"ಅದು ಆಮ್ಯಾಲ. ಮೊದಲ ನೀವ ಗ್ವಾಡಿ ಆಗ್ರಿ. ಎರಡೂ ಕಾಲು ಜೋಡಿಸಿ ಕಿಟಕಿ ಕಡೆ ಮುಖಾ ಮಾಡಿ ನಿಂದರ್ರಿ." ಸಿರಾಜುನ್ನಿಸಾಳ ಕಡೆ ತಿರುಗಿದಳು. "ಆಪಾ, ನೀವು ದಿಬ್ಬಾ. ಹಿಂದಿಂದ ನೂಕ್ರಿ."

"ಹತ್ತು ವರ್ಷದಿಂದ ಇದಕ್ಕ ಕಾಯ್ತಿದ್ದೆ," ಎಂದು ಸಿರಾಜುನ್ನಿಸಾ ನೂಕಿದಳು. ಸುಭಾನಿ ಮುಗ್ಗರಿಸಿದ.

"ಈಗ ಒಂದು ಕಾಲು ಮುಂದ ಇಡ್ರಿ."

ಎಷ್ಟು ನೂಕಿದರೂ ಆಸಾಮಿ ಬೀಳಲಿಲ್ಲ. ಗಡ್ಡ ನೀವಿಕೊಂಡ.

"ನೋಡಿದ್ರಿಲ್ಲೊ? ತಳಾ ಅಗಲ ಇದ್ರ ಗ್ವಾಡಿ ಮಗಚೂದಿಲ್ಲ." ಸ್ವಪ್ನಾ ಮಿಕ್ಕಿದ್ದ ಪ್ಲಾಸ್ಟಿಕ್ ತುಂಡು ಹಾಸಿ, ಒಂದು ಚೊಂಬು ನೀರು ಸುರಿದಳು. "ಈಗ ಇದರ ಮ್ಯಾಲ ಹಂಗ ನಿಂದರ್ರಿ."

ಈ ಸಲ ಮೆಲ್ಲಗೆ ನೂಕಿದರೂ ಸಾಕಾಯಿತು. ಸುಭಾನಿ ಬೀಳಲಿಲ್ಲ. ನಿಂತ ಹಾಗೆಯೇ, ಸದ್ದಿಲ್ಲದೆ, ಮಗಳ ಕಿಟಕಿಯ ಕಡೆ ಜಾರಿದ.

"ಹಿಂಗ... ಕನಸಿನ್ಯಾಗ ಹಿಂಗ ಬರ್ತಿತ್ತು," ಎಂದಳು ಸಿರಾಜುನ್ನಿಸಾ.

ಸುಭಾನಿಯ ನಗು ಇಳಿದುಹೋಯಿತು. ಕಿಟಕಿಯನ್ನೊಮ್ಮೆ ನೋಡಿ, "ಏನ್ ಮಾಡೂಣು ತಂಗಿ?" ಎಂದ.

"ಪ್ಲಾಸ್ಟಿಕ್ ತಗೀರಿ. ಗಟ್ಟಿ ನೆಲಾ ಸಿಗೂತನಕಾ ಅಗಸ್ರಿ. ಪಾಯಾ ಮಣ್ಣಾಗ ಹೂತು ಕುಂತ್ರ ಜಾರೂದಿಲ್ಲ. ಆರಡಿ ಗ್ವಾಡಿಗೆ ತಳಾ ನಾಕಡಿ ಬೇಕಾಗಬಹುದು, ಮಣ್ಣು ನೋಡಿ ಲೆಕ್ಕಾ ಹಾಕೂಣು. ಗ್ವಾಡಿ ಹಿಂದ ಸಣ್ಣ ಕಲ್ಲಿನ ಖಡಿ ತುಂಬಿ, ನೀರು ಹೊರಗ ಬರಾಕ ಪೈಪ್ ಇಡಸ್ರಿ. ನೀರು ನಿಂತ್ರ ದಿಬ್ಬಾ ಇನ್ನೂ ಜೋರ ನೂಕತೈತಿ."

"ಮತ್ತ ನನ್ನ ಜಾಗಾ?"

"ತಳಾ ನೆಲದಾಗ ಮುಚ್ಚಿ ಹೋಗತೈತಿ. ಅದರ ಮ್ಯಾಲ ಗಾಡಿ ನಿಂದ್ರಸ್ರಿ."

"ಹಾವೂ ಸಾಯ್ತು, ಕೋಲೂ ಮುರೀಲಿಲ್ಲ!" ಸುಭಾನಿ ತಾನೇ ಪಾಯಕ್ಕಿಳಿದು ಪ್ಲಾಸ್ಟಿಕ್ ಕಿತ್ತು ಹಾಕಿದ. ಗೋಡೆ ಕಟ್ಟುವ ಗೌಂಡಿ ಪರಸಪ್ಪ ಮರುದಿನ ಬಂದು, ಸ್ವಪ್ನಾ ಹೇಳಿದ ಅಳತೆಗೆ ಮತ್ತೆ ಅಗೆಸಿದ.

ಗೋಡೆ ಎದ್ದು ನಿಂತಿತು. ಜುಲೈ ಬಂತು. ಮಳೆ ನಾಲ್ಕು ದಿನ ಬಿಡದೆ ಸುರಿಯಿತು. ಮಧ್ಯಾಹ್ನ ಮಗಳನ್ನು ತಟ್ಟುತ್ತಾ ಸಿರಾಜುನ್ನಿಸಾಗೂ ನಿದ್ದೆ ಬಂತು. ಕನಸಿನಲ್ಲಿ ಗೋಡೆ ದಿಬ್ಬಕ್ಕೆ ಬೆನ್ನು ಕೊಟ್ಟು, ಒಂದು ಕಾಲು ಮುಂದಿಟ್ಟು ನಿಂತಿತ್ತು. ಹೆಜ್ಜೆ ಕೀಳಲಿಲ್ಲ. ಎದ್ದು ಕಿಟಕಿಯಿಂದ ನೋಡಿದಳು. ಪೈಪುಗಳಿಂದ ಕೆಂಪು ನೀರು ಸಣ್ಣಗೆ ಇಳಿಯುತ್ತಿತ್ತು.

"ಮತ್ತ ಕನಸೇನ?" ಬಾಗಿಲಲ್ಲಿ ಸುಭಾನಿ.

"ಹೌದು," ಎಂದು ನಕ್ಕಳು. "ಗ್ವಾಡಿ ನಿಂತಿತ್ತು."

ದಿಬ್ಬದ ಕೆಳಗೆ ಮನೆ ಮಾಡಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗೋಡೆಯ ಪಾಯ ಸಾಕಷ್ಟು ಅಗಲವಿದೆಯೇ? ಗಟ್ಟಿ ನೆಲ ಮುಟ್ಟಿದೆಯೇ? ನೀರಿಗೆ ದಾರಿ ಇದೆಯೇ? ಮಣ್ಣು ಮುಚ್ಚುವ ಮುಂಚೆಯೇ ತಿಳಿದವರನ್ನು ಕರೆದು ತೋರಿಸಿ. ಗೋಡೆ ಎಷ್ಟು ಚಂದವೆಂದು ಆಮೇಲೆ ನೋಡಿದರಾಯಿತು. ಅದರ ಈಚೆ ಯಾರು ಮಲಗುತ್ತಾರೆ ಎಂಬುದನ್ನು ಮೊದಲು ನೆನೆಯಿರಿ.