ಲಿವರ್ ಜಾಸ್ತಿ, ಕೊಬ್ಬು ಬೇಡ

ಹೊಸತೊಡಕಿನ ದಿನ ಬೆಳಿಗ್ಗೆ ಏಳೂವರೆಗೆ ಸಾರಕ್ಕಿಯ ಹಳೇ ಊರಿನಲ್ಲಿ ಮುನಿಯಕ್ಕನ ಮಚ್ಚಿನೇಟಿಗೆ ಅವಳ ಮೈದುನ ವೆಂಕಟಾಚಲನ ಬಲಗೈಯ ಎರಡು ಬೆರಳು ತುಂಡಾದವು. ಮಾಂಸ ಕಡಿಯುವ ಕೊರಡಿನಿಂದ ಸಿಡಿದ ಬೆರಳುಗಳು ಟಾರ್ಪಾಲಿನ ಮೇಲೆ ಸಾಲಾಗಿ ಹಾಕಿದ್ದ ಮಾಂಸದ ಗುಡ್ಡೆಗಳ ನಡುವೆ ಬಿದ್ದವು. ಒಂದು ತಕ್ಷಣ ಸಿಕ್ಕಿತು. ಇನ್ನೊಂದಕ್ಕಾಗಿ ಗುಡ್ಡೆಗಳನ್ನು ಕೆದಕಬೇಕಾಯಿತು. ಅದನ್ನು ಹುಡುಕಿಕೊಟ್ಟವಳು ಆಗಷ್ಟೇ ಏಟು ತಿಂದು ತುಟಿ ಸೀಳಿಸಿಕೊಂಡಿದ್ದ ಪ್ರಿಯಾಂಕಾ. ಉಗುರು ಕಂಡಿದ್ದರಿಂದ ಗುರುತಾಯಿತು ಎಂದು ಆಮೇಲೆ ಪೊಲೀಸರಿಗೆ ಹೇಳಿದಳು.

ಪ್ರಿಯಾಂಕಾ ಇಂಡಿ ತಾಲ್ಲೂಕಿನವಳು. ಬಿಟಿಎಂ ಲೇಔಟ್‌ನ ಪಿ.ಜಿ.ಯಲ್ಲಿದ್ದುಕೊಂಡು, ಸಣ್ಣ ಅಂಗಡಿಗಳ ಪ್ರಚಾರಕ್ಕೆ ಎಐ ಸಹಾಯಕ ಹಾಕಿಕೊಡುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಹಿಟ್ಟಿನ ಗಿರಣಿ, ಬ್ಲೌಸ್ ಹೊಲಿಯುವವರು, ಹೂವಿನಂಗಡಿ, ಎಲ್ಲ ಅವಳ ಗಿರಾಕಿಗಳು. ಅಂಗಡಿಯ ವಿವರ ಒಮ್ಮೆ ತುಂಬಿದರೆ ಸಾಕು. ಪೋಸ್ಟರ್ ಮಾಡುವುದು, ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರಿಸುವುದು, ಆರ್ಡರ್ ತೆಗೆದುಕೊಳ್ಳುವುದು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು.

ಮುನಿಯಕ್ಕನಿಗೆ ಅದು ಬೇಕಾದದ್ದು ಗುಡ್ಡೆಗಾಗಿ. ಯುಗಾದಿಯ ಮರುದಿನ, ಹೊಸತೊಡಕಿಗೆ, ಊರಿನ ಮನೆಗಳೆಲ್ಲ ಸೇರಿ ಕುರಿ ಕಡಿಸಿ, ತೊಡೆ, ಪಕ್ಕೆ, ಲಿವರ್, ಬೋಟಿ, ಕೊಬ್ಬು, ಮೂಳೆ ಎಲ್ಲವನ್ನೂ ಪ್ರತಿ ಗುಡ್ಡೆಗೂ ಸಮನಾಗಿ ಹಾಕಿಸಿಕೊಳ್ಳುತ್ತಾರೆ. ತಕ್ಕಡಿ ಇರುವುದಿಲ್ಲ, ಕಡಿಯುವವರ ಕಣ್ಣಳತೆಯೇ ಅಳತೆ. ಹಿರಿಯರೊಬ್ಬರು ಗೋಡೆಗೆ ಮುಖ ಮಾಡಿ ನಿಂತು ಹೆಸರು ಕೂಗುತ್ತಾರೆ. ಯಾರ ಹೆಸರಿಗೆ ಯಾವ ಗುಡ್ಡೆ ಬಂತೋ ಅದೇ ಅವರ ಪಾಲು. ಸಾರಕ್ಕಿಯಲ್ಲಿ ಗುಡ್ಡೆ ಕಡಿಯುತ್ತಿದ್ದವನು ಮಟನ್ ಅಂಗಡಿ ಇಟ್ಟಿದ್ದ ಮುನಿಯಕ್ಕನ ಗಂಡ. ಅವನು ಸತ್ತ ಮೇಲೆ, ಸಿಗ್ನಲ್ ಹತ್ತಿರ ಕೋಳಿ ಅಂಗಡಿ ಇಟ್ಟಿದ್ದ ವೆಂಕಟಾಚಲ ಆ ಕೆಲಸ ತನಗೆ ಬರಬೇಕೆಂದು ಊರಿನವರ ಮುಂದೆ ಕೇಳಿದ.

"ಹೆಂಗಸಿನ ಕೈಲಿ ಗುಡ್ಡೆ ನಿಲ್ಲಲ್ಲ," ಎಂದಿದ್ದ. "ಅಷ್ಟೊಂದು ಕುರಿ ಕಡಿಯೋ ಹೊತ್ಗೆ ತೋಳು ಸೋಲುತ್ತೆ. ಕೈ ಜಾರ್ತು ಅಂದ್ರೆ ಪಾಲು ತಪ್ಪೋಯ್ತು."

"ಹದಿನಾರು ವರ್ಷದಿಂದ ನಿಮ್ಮಣ್ಣ ಗಲ್ಲಾದ ಮೇಲೆ ಕೂತಿದ್ದ, ಕಡೀತಿದ್ದೋಳು ನಾನು," ಎಂದಳು ಮುನಿಯಕ್ಕ. "ಯಾರ್ ಪಾಲು ತಪ್ತು, ಹೇಳು?"

ಹೆಸರು ಕೂಗುವ ಪಿಳ್ಳಪ್ಪ ಮಧ್ಯೆ ಬಂದು, ಈ ಹೊಸತೊಡಕು ಅವಳೇ ಮಾಡಲಿ, ಸರಿಹೋದರೆ ಗುಡ್ಡೆ ಅವಳದ್ದೇ, ಹೆಚ್ಚುಕಮ್ಮಿಯಾದರೆ ವೆಂಕಟಾಚಲನದು ಎಂದು ತೀರ್ಮಾನ ಹೇಳಿದ. ಆದರೆ ಹಳೇ ಮನೆಗಳು ಸೈಟು ಮಾರಿಕೊಂಡು ಚದುರಿದ್ದವು. ಹಾಕುವ ಗುಡ್ಡೆಗಳಲ್ಲಿ ಅರ್ಧಕ್ಕೂ ಜನ ಇರಲಿಲ್ಲ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನವರನ್ನು ಸೇರಿಸಬಹುದಲ್ಲ ಎಂದು ಮುನಿಯಕ್ಕನಿಗೆ ಹೊಳೆಯಿತು. ಹೂವಿನಂಗಡಿಯವಳು ಪ್ರಿಯಾಂಕಾಳ ನಂಬರ್ ಕೊಟ್ಟಳು.

ಪ್ರಿಯಾಂಕಾ ಅಂಗಡಿಯ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಒಂದೊಂದೇ ಪ್ರಶ್ನೆ ಓದುತ್ತ ಉತ್ತರ ತುಂಬಿದಳು. ಮುನಿಯಕ್ಕ ಕುರಿಕಾಲು ಸುಡುತ್ತಲೇ ಉತ್ತರ ಕೊಟ್ಟಳು.

"ಅಕ್ಕಾರ, ಗಿರಾಕಿ ಯಾವ ಪೀಸ್ ಕೇಳ್ತಾರ, ಅದನ್ನ ಕೊಡ್ತೀರೇನ್ರಿ?"

"ಕೇಳಿದ್ದೇ ಕೊಡೋದಮ್ಮಾ. ತೊಡೆ ಕೇಳ್ದೋರ್ಗೆ ಕತ್ತು ಕೊಟ್ರೆ ನಾಳೆ ಬರ್ತಾರಾ?"

"ಹೌದು ಅಂತ ಹಾಕ್ತೀನ್ರಿ."

"ಹಾಕು. ಅದ್ಸರಿ, ನೀನ್ ಮಟನ್ ತಿಂತೀಯಾ?"

"ಇಲ್ರೀ. ನಮ್ಮನ್ಯಾಗ ಉಳ್ಳಾಗಡ್ಡಿ ದಾಟಿ ಮುಂದ ಹೋಗಂಗಿಲ್ಲ."

"ಶಿವನೇ! ಪುಳಿಚಾರ್ ಕೈಲಿ ಮಟನ್ ಮಾರಿಸ್ತಿದೀನಲ್ಲಪ್ಪಾ," ಎಂದು ಮುನಿಯಕ್ಕ ನಕ್ಕಳು.

ಅವಳು ಹೇಳಿದ್ದು ದಿನನಿತ್ಯದ ವ್ಯಾಪಾರದ ಮಾತು. ಗುಡ್ಡೆಯಲ್ಲಿ ಯಾರೂ ಏನನ್ನೂ ಕೇಳುವಂತಿಲ್ಲ ಎನ್ನುವುದನ್ನು ಹೇಳಬೇಕೆಂದು ಅವಳಿಗೆ ಅನಿಸಲೇ ಇಲ್ಲ. ಸಾರಕ್ಕಿಯಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಿಲ್ಲ. ಪ್ರಿಯಾಂಕಾಳ ಊರಿನಲ್ಲಿ ಹೊಸತೊಡಕೇ ಇಲ್ಲ. ಸಹಾಯಕ ತನಗೆ ಕೊಟ್ಟ ವಿವರದ ಮೇಲೆಯೇ ಕೆಲಸ ಶುರುಮಾಡಿತು.

ಅದು ಮಾಡಿದ ಪೋಸ್ಟರ್ ಚೆನ್ನಾಗಿತ್ತು. ಮೇಲೆ ಮಾವಿನ ತೋರಣ, ಕೆಳಗೆ 'ಸಾರಕ್ಕಿ ಗುಡ್ಡೆ ಬಾಡು, ಈಗ ನಿಮ್ಮ ಮನೆಗೂ' ಎಂಬ ಸಾಲು. ಅದರಲ್ಲಿದ್ದ ಕುರಿ ನಾಯಿಯ ಥರ ಇದೆ ಎಂದು ಮುನಿಯಕ್ಕ ಚಿತ್ರ ಬದಲಾಯಿಸಲು ಹೇಳಿದಳು. ಅಪಾರ್ಟ್‌ಮೆಂಟಿನವರೊಂದಿಗೆ ನಡೆದ ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಅದನ್ನು ಅವಳು ಓದಲಿಲ್ಲ. ಸಂಜೆ ಸಂಜೆ ಎಷ್ಟು ಮನೆ ಸೇರಿದವು ಎಂದಷ್ಟೇ ನೋಡುತ್ತಿದ್ದಳು. ಯುಗಾದಿಯ ಹೊತ್ತಿಗೆ ಗುಡ್ಡೆಯ ಪಟ್ಟಿ ತುಂಬಿತ್ತು.

ಹೊಸತೊಡಕಿನ ಬೆಳಿಗ್ಗೆ ವಿಡಿಯೊ ತೆಗೆಯಲು ಪ್ರಿಯಾಂಕಾ ಬಂದಿದ್ದಳು. ಅಂಗಡಿ ಮುಂದಿನ ಬೀದಿಯಲ್ಲಿ ಟಾರ್ಪಾಲು ಹಾಸಿ ಗುಡ್ಡೆ ಹಾಕಿ ಆಗಿತ್ತು. ಒಂದು ಕಡೆ ಪಾತ್ರೆ ಹಿಡಿದ ಊರಿನವರು, ಇನ್ನೊಂದು ಕಡೆ ಫೋನ್ ಹಿಡಿದ ಅಪಾರ್ಟ್‌ಮೆಂಟಿನವರು. ಕೊನೆಯ ಎಲುಬು ಕಡಿಯುತ್ತಿದ್ದ ಮುನಿಯಕ್ಕನ ಸೀರೆಯ ಸೆರಗಿನವರೆಗೂ ರಕ್ತ ಹಾರಿತ್ತು. ಪಿಳ್ಳಪ್ಪ ಗೋಡೆಗೆ ತಿರುಗುವಷ್ಟರಲ್ಲಿ ಟ್ರ್ಯಾಕ್ ಪ್ಯಾಂಟ್ ತೊಟ್ಟಿದ್ದ ಒಬ್ಬರು ಮುಂದೆ ಬಂದರು.

"ಮೇಡಂ, ನಮ್ದು ಲಿವರ್ ಜಾಸ್ತಿ, ಕೊಬ್ಬು ಬೇಡ ಅಂತ ಬುಕ್ ಆಗಿತ್ತಲ್ಲ, ಅದು ಯಾವ್ದು?"

"ಗುಡ್ಡೆಲಿ ಹಂಗೆಲ್ಲ ಇಲ್ಲ ಸಾರ್. ಎಲ್ಲಾರ್ಗೂ ಒಂದೇ."

"ಇಲ್ಲೇ ಇದೆ ನೋಡಿ, ಕನ್ಫರ್ಮ್ ಆಗಿದೆ," ಎಂದು ಅವರು ಸಹಾಯಕ ಕಳಿಸಿದ್ದ ಸಂದೇಶವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲೂ ಹೇಳಿದರು. ನಿಮ್ಮ ಗುಡ್ಡೆಗೆ ಲಿವರ್ ಜಾಸ್ತಿ ಹಾಕಿಸುತ್ತೇವೆ, ಕೊಬ್ಬು ತೆಗೆಸುತ್ತೇವೆ, ಹಬ್ಬದ ಶುಭಾಶಯಗಳು. ಹಿಂದಿದ್ದ ಇಬ್ಬರು ತಮಗೂ ಹಾಗೇ ಬಂದಿದೆ ಎಂದರು.

ಊರಿನವರು ಪಾತ್ರೆ ಹಿಡಿದುಕೊಂಡೇ ಹತ್ತಿರ ಬಂದರು.

"ಅತ್ತಿಗೆ," ಎಂದ ವೆಂಕಟಾಚಲ. "ಇವ್ರಿಗೆ ಜಾಸ್ತಿ ಅಂದ್ರೆ, ಕಮ್ಮಿ ಯಾರ್ಗೆ?"

"ಯಾರ್ಗೂ ಕಮ್ಮಿ ಹಾಕಿಲ್ಲ. ನಾನ್ ಕಳ್ಸಿದ್ದಲ್ಲ ಅದು. ಮೊಬೈಲ್ ತಾನೇ ಕಳ್ಸಿದೆ."

"ಓಹೋ, ಮೊಬೈಲ್‌ಗೂ ಲಿವರ್ ರುಚಿ ಹತ್ತಿದ್ಯಾ?"

ಜನ ನಕ್ಕರು. ಆ ನಗು ಬೇಗ ಕೆಟ್ಟಿತು. ಒಬ್ಬ ಬಗ್ಗಿ ತನ್ನ ಮುಂದಿನ ಗುಡ್ಡೆಯನ್ನು ಕೈಯಿಂದ ಕಲಕಿ, ಲಿವರ್ ಎಲ್ಲಿ ಎಂದು ಕೇಳಿದ. ಲಿವರ್ ಅಲ್ಲೇ ಇತ್ತು, ಅವನ ಕಣ್ಣಿಗೆ ಕಮ್ಮಿ ಕಂಡಿತು. ಇನ್ನೊಬ್ಬ ಅಂಗಡಿಯೊಳಗೆ ನುಗ್ಗಿ ಫ್ರಿಜ್ ತೆರೆದ. ಮೂರನೆಯವನು ಟ್ರ್ಯಾಕ್ ಪ್ಯಾಂಟಿನವರ ಎದೆಗೆ ಕೈ ಹಾಕಿ ತಳ್ಳಿದ. ಅವರು ಹಿಂದಕ್ಕೆ ಸರಿಯುವಾಗ ಎರಡು ಗುಡ್ಡೆ ತುಳಿದರು. ಅಷ್ಟು ಸಾಕಾಯಿತು. ಪಾತ್ರೆಗಳು ತಲೆಗಳ ಮೇಲೆ ಬೀಳತೊಡಗಿದವು. ಒಬ್ಬಾಕೆಯ ಹಣೆ ಒಡೆಯಿತು. ಟಾರ್ಪಾಲಿನ ಜಿಡ್ಡಿಗೆ ಜಾರಿ ಬಿದ್ದವರನ್ನು ಒದೆಯಲಾಯಿತು.

ಪ್ರಿಯಾಂಕಾ ವಿಡಿಯೊ ತೆಗೆಯುತ್ತಿದ್ದ ಫೋನ್ ಇಳಿಸಿ ಮುಂದೆ ಬಂದಳು.

"ಅಣ್ಣಾರ, ಅಕ್ಕಾರದೇನೂ ತಪ್ಪಿಲ್ರಿ. ನಾನ ತಪ್ಪ್ ತುಂಬೀನಿ. ನನಗ ಈ ಹಬ್ಬ ಗೊತ್ತಿರ್ಲಿಲ್ರಿ..."

"ಎಲ್ಲಿಂದಲೋ ಬಂದು ನಮ್ ಗುಡ್ಡೆಗೆ ಕೈ ಹಾಕ್ತೀಯೇನೇ?" ಎಂದ ವೆಂಕಟಾಚಲನ ಮಗ ಮನು. ಫೋನ್ ಕಿತ್ತುಕೊಂಡು ಅದರಿಂದಲೇ ಅವಳ ಬಾಯಿಗೆ ಹೊಡೆದ. ಅವಳು ಕುಸಿದಳು. ಜಡೆ ಹಿಡಿದು ಎಬ್ಬಿಸಿ ಮತ್ತೆ ಹೊಡೆದ.

"ಮನೂ, ಬಿಡೋ ಅವ್ಳನ್ನ!" ಎಂದು ಮುನಿಯಕ್ಕ ಕೂಗಿದಳು.

ಆಗ ವೆಂಕಟಾಚಲ ಕೊರಡಿನ ಹತ್ತಿರ ಬಂದು ಅದರ ಮೇಲೆ ಬಲಗೈ ಊರಿದ. ಎಡಗೈ ಚಾಚಿದ.

"ಸಾಕು, ಮಚ್ಚು ಕೊಡು ಅತ್ತಿಗೆ. ಎಲ್ಲಾ ಮುಗೀತು. ಉಳಿದಿದ್ದು ನಾನ್ ಹಂಚ್ತೀನಿ."

"ಕೈ ತೆಗಿ."

"ಕೊಡು ಅಂದೆ."

"ಕೊರಡಿನ್ ಮೇಲಿಂದ ಕೈ ತೆಗಿ, ವೆಂಕಟಾಚಲ."

ಅವನು ತೆಗೆಯಲಿಲ್ಲ. ಮಚ್ಚು ಒಂದೇ ಸಲ ಇಳಿಯಿತು. ಕೊರಡಿಗೆ ಕಚ್ಚಿಕೊಂಡ ಅದನ್ನು ಕೀಳಲು ಆಮೇಲೆ ಇಬ್ಬರು ಬೇಕಾಯಿತು. ವೆಂಕಟಾಚಲ ಮೊದಲು ಕೂಗಲಿಲ್ಲ, ತನ್ನ ಕೈ ನೋಡಿದ. ಕೂಗಿದ್ದು ಮನು. ಪ್ರಿಯಾಂಕಾಳ ಜಡೆ ಬಿಟ್ಟು ಓಡಿಬಂದ. ಬೀದಿಯಲ್ಲಿ ಇದ್ದಬದ್ದ ಜಗಳವೆಲ್ಲ ಅಲ್ಲಿಗೇ ನಿಂತಿತು.

ಹನ್ನೊಂದರ ಹೊತ್ತಿಗೆ ಮುನಿಯಕ್ಕ ಠಾಣೆಯ ಬೆಂಚಿನ ಮೇಲಿದ್ದಳು. ಪಕ್ಕದಲ್ಲಿ ಮಹಿಳಾ ಕಾನ್ಸ್‌ಟೇಬಲ್ ಕಮಲಾದೇವಿ. ಪ್ರಿಯಾಂಕಾಳ ತುಟಿಗೆ ಹೊಲಿಗೆ ಹಾಕಿಸಿ ಕರೆತಂದು ಅವಳ ಹೇಳಿಕೆ ಬರೆದುಕೊಂಡಿದ್ದರು. ಮನುವನ್ನು ಒಳಗೆ ಕೂರಿಸಿದ್ದರು. ಸಬ್ ಇನ್ಸ್‌ಪೆಕ್ಟರ್ ವೆಂಕಟಾಚಲನಿದ್ದ ಆಸ್ಪತ್ರೆಗೆ ಹೋಗಿ ಬಂದರು.

"ನಿಮ್ ಮೈದುನ ಒಳ್ಳೇವ್ನಮ್ಮಾ. ಕಂಪ್ಲೇಂಟ್ ಬೇಡ ಅಂದ. 'ಹೆಂಗಸ್ರ ಕೈ ಸಾರ್, ಗಲಾಟೇಲಿ ಜಾರ್ತು' ಅಂತ ಹೇಳಿಕೆ ಕೊಟ್ಟಿದಾನೆ. ನೀವೂ ಅದನ್ನೇ ಹೇಳಿದ್ರೆ ಮುಗೀತು."

ಅವರು ಚಹಾ ತರಿಸಲು ಆಚೆ ಹೋದರು. ಠಾಣೆಗೆ ಜೊತೆಯಲ್ಲೇ ಬಂದಿದ್ದ ಪಿಳ್ಳಪ್ಪ ಬೆಂಚಿನ ಹತ್ತಿರ ಬಂದು ದನಿ ತಗ್ಗಿಸಿದ.

"ಹೂಂ ಅನ್ನು ಮುನಿಯಾ. ಸಾಯಂಕಾಲದೊಳ್ಗೆ ಮನೆ ಸೇರ್ಕೋತೀಯ."

"ಗುಡ್ಡೆ?"

"ಈಗ್ಯಾಕೆ ಆ ಮಾತು?"

"ಹೇಳಣ್ಣ. ಮುಂದಿನ್ ವರ್ಷ ಯಾರ್ ಕಡೀತಾರೆ?"

ಪಿಳ್ಳಪ್ಪ ನೆಲ ನೋಡಿದ. "ಲಿವರ್ ಮಾತು ಬಿಡು. ತುಳೀದೆ ಉಳಿದಿದ್ ಗುಡ್ಡೇನೆಲ್ಲಾ ಆಮೇಲೆ ನೋಡ್ದೆ, ಒಂದ್ ಚೂರೂ ಹೆಚ್ಚುಕಮ್ಮಿ ಇರ್ಲಿಲ್ಲ. ಅದನ್ನ ನಾನೇ ಊರಿಗ್ ಹೇಳ್ತೀನಿ. ಆದ್ರೆ ಕೈ ಜಾರಿದೋರ ಕೈಗೆ ಮತ್ತೆ ಹೆಂಗ್ ಕೊಡ್ಲಿ?"

ಪ್ರಿಯಾಂಕಾ ಎದ್ದು ಬಂದಳು. ಹೊಲಿಗೆಯಿಂದಾಗಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಅಕ್ಕಾರ, ಜಾರ್ತು ಅನ್ರಿ. ನಾನೂ ಹಂಗ ಹೇಳೀನಿ. ಬೇಕಾದ್ರ ಎಲ್ಲಾ ನನ್ನ ಮ್ಯಾಲೆ ಹಾಕ್ರಿ."

"ನೀನು ಹಾಕಿದ್ದು ನಾನ್ ಹೇಳಿದ್ದೇ ತಾನೇ, ತಾಯಿ? ಹೋಗ್ ಕೂತ್ಕೋ. ಬಾಯಿ ಊದ್ತಾ ಇದೆ," ಎಂದಳು ಮುನಿಯಕ್ಕ.

ಸಬ್ ಇನ್ಸ್‌ಪೆಕ್ಟರ್ ಬಂದು ಕೂತರು. ರೈಟರ್ ಪೆನ್ನು ತೆಗೆದ.

"ಏನಮ್ಮಾ, ಕೈ ಜಾರ್ತು ಅಂತ ಬರ್ಕೊಳ್ಲಾ?"

"ಇಲ್ಲ ಸಾರ್."

"ಮತ್ತೆ?"

"ನನ್ ಕೈ ಜಾರಲ್ಲ. ಎರಡು ಬೆರಳು ನೋಡ್ದೆ, ಎರಡೇ ಕಡ್ದೆ. ಬೇಕಿದ್ರೆ ಡಾಕ್ಟ್ರುನ್ನ ಕೇಳಿ, ಮೂರನೇದ್ರ ಮೇಲೆ ಗೀರು ಸಮೇತ ಇಲ್ಲ."

"ಅಮ್ಮಾ, ಇದು ಬೇರೆ ಸೆಕ್ಷನ್ ಆಗುತ್ತೆ. ಜೈಲು."

"ಬರ್ಕೊಳಿ ಸಾರ್. ಪಿಳ್ಳಪ್ಪಣ್ಣ, ನೀನೂ ಕೇಳಿಸ್ಕೊ."

ರೈಟರ್ ಸಬ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. ಬರೆದದ್ದನ್ನು ಓದಿ ಹೇಳಿದ ಮೇಲೆ ಮುನಿಯಕ್ಕ ನಿಧಾನವಾಗಿ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಮಾರಕಾಯುಧದಿಂದ ಬೇಕೆಂದೇ ತೀವ್ರ ಗಾಯಪಡಿಸಿದ ಆರೋಪದ ಮೇಲೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಪರಪ್ಪನ ಅಗ್ರಹಾರದ ಜೈಲಿಗೆ ಕಳುಹಿಸಲಾಯಿತು. ಅಲ್ಲಿ ಕೆಲಸ ಕೇಳಿದ್ದಕ್ಕೆ ಅಡುಗೆಮನೆಗೆ ಹಾಕಿದರು. ತರಕಾರಿ ಹೆಚ್ಚಲು ಬಿಡಲಿಲ್ಲ, ಅಕ್ಕಿ ಆರಿಸುವ ಕಡೆ ಕೂರಿಸಿದರು.