ಅಂಗಾಲು ಊರಿದ ಮಂಗಳವಾರ

ಪಕ್ಕದ ಮನೆಯ ಮಿಕ್ಸರ್ ನಿಂತಿತು, ಈಗ ಕೇಳಬೇಕಿತ್ತು ಆ ಸದ್ದು, ಟೈಲ್ಸ್ ಮೇಲೆ ಸರ್ ಸರ್ ಎಂದು ಎಳೆಯುವ ಪುಟ್ಟ ಕಾಲಿನ ಸದ್ದು, ಇಲ್ಲ, ಮಂಗಳವಾರದಿಂದ ಇಲ್ಲ, ಬಾಲೆ ಅಡುಗೆಮನೆಯಿಂದ ಸದ್ದಿಲ್ಲದೆ ಬಂದು ನನ್ನ ಪಾದದ ಮೇಲೆ ಗಲ್ಲ ಇಟ್ಟಿದೆ — ಮೂರು ತಿಂಗಳ ಬೆಕ್ಕಿನ ಮರಿ, ಡೊಂಬಿವಲಿ ಸ್ಟೇಷನ್ ಹೊರಗೆ ತರಕಾರಿ ಗಾಡಿಯ ಕೆಳಗೆ ಸಿಕ್ಕಿದ್ದು, ಹಿಂದಿನ ಬಲಗಾಲಿನ ಪಾದ ಒಳಕ್ಕೆ ಮಡಚಿ, ಪಾದದ ಮೇಲ್ಭಾಗವನ್ನೇ ನೆಲಕ್ಕೆ ಉಜ್ಜುತ್ತ ನಡೆಯುತ್ತಿತ್ತು, ಬೀದಿಯ ಮರಿಗಳಿಗೆ ಮನೆ ಹುಡುಕುವ ಹುಡುಗಿ ಅನಘ ತಂದುಕೊಟ್ಟಳು, ಜಯಲತಾ ಆಂಟಿ, ಓನ್ಲಿ ಫಾಸ್ಟರ್ ಹಾಂ, ಒಂದು ತಿಂಗಳು ಸಂಭಾಲ್ ಲೋ, ನೋಡಿಕೊಳ್ಳಿ ಸಾಕು, ಆಮೇಲೆ ಒಳ್ಳೆ ಮನೆ ನಾನು ಹುಡುಕ್ತೀನಿ. ಒಂದೇ ತಿಂಗಳು ತಾನೇ ಅಂದುಕೊಂಡೆ, ಸಾನಪಾಡಾದ ಈ ಒಂದು ಕೋಣೆಯ ಮನೆಗೆ ಸಂಜೆ ಬಂದು ಬೀಗ ತೆರೆದರೆ ಫ್ರಿಜ್ ಗುರ್ರೆನ್ನುವುದು ಬಿಟ್ಟು ಇನ್ನೇನಿತ್ತು. ಡಾಕ್ಟರು ತೋರಿಸಿದ ವ್ಯಾಯಾಮ ಸುಲಭ, ಪಾದವನ್ನು ಬಿಡಿಸಿ ಅಂಗಾಲು ನೆಲಕ್ಕೆ ತಾಗುವಂತೆ ಇಟ್ಟು ಮೆಲ್ಲಗೆ ಒತ್ತುವುದು, ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಸಲ, ಒಂಜಿ, ರಡ್ಡ್, ಮೂಜಿ — ಎಣಿಕೆ ತುಳುವಿನಲ್ಲೇ ಬಂತು, ಬಾಯಿಗೆ ತಾನಾಗಿ, ಲಕ್ವ ಹೊಡೆದ ಅಮ್ಮನ ಕಾಲಿಗೂ ಹೀಗೆಯೇ ಎಣಿಸಿದ್ದು, ಇದೇ ನೆಲದಲ್ಲಿ ಚಾಪೆ ಹಾಸಿ, ಅಮ್ಮ ಮಹಾ ಕಳ್ಳಿ, ಆಜಿ ಆದ ಕೂಡಲೇ ಒರ್ಂಬಕ್ಕೆ ಹಾರುತ್ತಿದ್ದಳು, ಆರಾದ ಮೇಲೆ ಒಂಬತ್ತೇ ಅಮ್ಮಾ ಅಂದರೆ ನನ್ನ ಕಾಲು, ನನ್ನ ಲೆಕ್ಕ ಎನ್ನುತ್ತಿದ್ದಳು. ಅಮ್ಮ ಹೋದಳು, ಅವಳ ಹಿಂದೆಯೇ ಮನೆಯಿಂದ ತುಳುವೂ ಹೋಯಿತು, ಆಫೀಸಿನಲ್ಲಿ ಹಿಂದಿ, ಸೊಸೈಟಿಯಲ್ಲಿ ಮರಾಠಿ, ಒಣಸ್ ಆಂಡಾ, ಊಟ ಆಯಿತೇ, ಎಂದು ಕೇಳುವ ಒಂದು ಬಾಯಿಲ್ಲದೆ ಎರಡು ವರ್ಷ, ಈಗ ಈ ಮರಿಯ ಹತ್ತಿರ ದಿನವಿಡೀ ತುಳು, ಬಲ ಬಾಲೆ ಬಲ, ಬಾ ಮಗುವೇ ಬಾ, ಅಂದರೆ ಮಾತ್ರ ಬರುತ್ತದೆ, ಅನಘ ಆಜಾ ಆಜಾ ಅಂದರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ, ಜಂಬ ನೋಡಿ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಕರೆದೆ, ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ, ಆ ಪಾದ ಮಡಚಲಿಲ್ಲ, ನಡುಗಿತು, ಬಿಡಿಸಿಕೊಂಡಿತು, ಗುಲಾಬಿ ಅಂಗಾಲು ಟೈಲ್ಸ್ ಮೇಲೆ ಚಪ್ಪಟೆಯಾಗಿ ಊರಿತು, ಒಂದು, ಎರಡು, ಮೂರು ಹೆಜ್ಜೆ, ನಾನು ಅತ್ತೆ, ಖುಷಿಗೇ ಅತ್ತೆ, ಆಮೇಲೆ ಅನಘ ಹುಡುಕಿಟ್ಟಿದ್ದ ವರ್ತಕ ನಗರದ ಗಂಡಹೆಂಡತಿ ನೆನಪಾದರು, ರಂಜನ್, ಮಾನಸಿ, ಒಳ್ಳೆಯವರೇ, ನಡೆಯುವ ಹಾಗಾದರೆ ನಾವು ಕರೆದುಕೊಂಡು ಹೋಗ್ತೇವೆ ಅಂದಿದ್ದರು. ಗುರುವಾರ ಅನಘ ಕೇಳಿದಳು, ಆಂಟಿ, ವಿಡಿಯೋ ಭೇಜೋ ನಾ. ನಾನು ಹಿಂದಿನ ವಾರದ್ದನ್ನು ಕಳಿಸಿದೆ, ಕಾಲೆಳೆಯುವುದನ್ನು. ವರ್ತಕ ನಗರದವರು ನೋಡಿ ಬೇಡ ಎನ್ನಲಿ, ಇಷ್ಟೇ ನನ್ನ ಲೆಕ್ಕ, ಅಮ್ಮನ ಮಗಳಲ್ಲವೇ, ಆದರೆ ಅನಘ ತೋರಿಸಿದ್ದು ಡಾಕ್ಟರಿಗೆ. ಆಂಟಿ, ಡಾಕ್ಟರ್ ಬೋಲೇ, ಪಾದದ ಚರ್ಮ ಸವೀತಾ ಇದೆ, ಇಷ್ಟು ದಿನದಲ್ಲಿ ಸುಧಾರಿಸಿಲ್ಲಾಂದ್ರೆ ಇನ್ಫೆಕ್ಷನ್ ಆಗತ್ತೆ, ಕಾಲು ತೆಗೆಯೋದೇ ಒಳ್ಳೇದು, ಶನಿವಾರ ಮಧ್ಯಾಹ್ನಕ್ಕೆ ಟೈಮ್ ಕೊಟ್ಟಿದ್ದಾರೆ. ಆಗಲೇ ಹೇಳಬೇಕಿತ್ತು. ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ, ಏನೆಂದು ಬರೆಯುವುದು, ಸುಳ್ಳು ಹೇಳಿದೆ ಮಗಳೇ ಎಂದೇ, ಅಷ್ಟೇ ಆಗಿದ್ದರೆ ನಾಚಿಕೆಗೇಡು ಎಂದು ಸುಮ್ಮನಾಗಬಹುದಿತ್ತು, ಆದರೆ ನಿನ್ನೆ ಕುಕ್ಕರ್ ಇಳಿಸುವಾಗ ಒಂದು ಯೋಚನೆ ಬಂತು, ಮೂರು ಕಾಲಿನದನ್ನು ವರ್ತಕ ನಗರದವರು ಒಯ್ಯಲಾರರು, ಮೂರು ಕಾಲಿನದು ಇಲ್ಲೇ ಉಳಿಯುತ್ತದೆ — ಯಾರು ಯೋಚಿಸಿದ್ದು ಇದನ್ನು, ನಾನೇ, ಅಮ್ಮನ ಬೆನ್ನು ಹುಣ್ಣಾಗದ ಹಾಗೆ ರಾತ್ರಿಯಿಡೀ ಹೊರಳಿಸುತ್ತಿದ್ದ ಇದೇ ನಾನು. ಇವತ್ತೇ ಶನಿವಾರ. ಥಾಣೆಯಿಂದ ಟ್ರೇನ್ ಹತ್ತಿದೆ ಆಂಟಿ, ಆಪರೇಷನ್ ಆಗೋವರೆಗೆ ಬಾಲೆಗೆ ಏನೂ ತಿನ್ನಿಸಬೇಡಿ ಎಂದು ಅನಘ ಬರೆದಿದ್ದಾಳೆ, ಹಸಿದ ಮರಿ ನನ್ನ ಹೆಬ್ಬೆರಳು ನೆಕ್ಕುತ್ತಿದೆ.

ಬೆಲ್. ಮರಿ ಮಂಚದಡಿ ನುಗ್ಗಿತು. ಆಂಟಿ, ಜಲ್ದಿ, ರಿಕ್ಷಾ ಕೆಳಗೆ ನಿಂತಿದೆ, ಅನಘ ಪಂಜರದಂಥ ಪ್ಲಾಸ್ಟಿಕ್ ಬುಟ್ಟಿ ಕೆಳಗಿಟ್ಟು ಮೊಣಕಾಲೂರಿ ಬಗ್ಗುತ್ತಾಳೆ, ಇಲ್ಲಿದಾಳೆ ನೋಡಿ, ಇರಿ ನಾನು ಹಿಡೀತೀನಿ, ಕೈ ಚಾಚುತ್ತಾಳೆ, ಕುತ್ತಿಗೆಯ ಚರ್ಮ ಹಿಡಿದು ಎತ್ತಿದರೆ ಸಾಕು, ಕಾಲು ನೆಲಕ್ಕೆ ತಾಗುವುದೇ ಇಲ್ಲ, ನಾನು ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಎಷ್ಟು ಸುಲಭ, ಎರಡು ವರ್ಷ ಸುಮ್ಮನೇ ಇದ್ದವಳು — ಬಲ, ಅಂದೆ, ಬಲ ಬಾಲೆ ಬಲ. ಬಂತು. ಅನಘ ಚಾಚಿದ ಕೈ ಹಾಗೇ ನಿಂತಿತು. ಆಂಟಿ, ಯೇ ತೋ ಚಲ್ ರಹೀ ಹೈ, ಸರಿಯಾಗಿ ನಡೀತಿದಾಳೆ, ಕಬ್ ಸೇ? ಮಂಗಳವಾರದಿಂದ, ಅಂದೆ, ನಿನಗೆ ಕಳಿಸಿದ್ದು ಹಳೆಯದು, ಬೇಕೆಂದೇ ಕಳಿಸಿದೆ, ಇದು ಹೋಗಬಾರದೆಂದು. ಅವಳು ಬಯ್ಯಬಹುದಿತ್ತು, ಬಯ್ಯಲಿಲ್ಲ, ನನ್ನ ಮುಖ ನೋಡಿದಳು, ಆಮೇಲೆ ಕೋಣೆಯನ್ನು, ಒಂದು ಕುರ್ಚಿ, ಒಂದು ತಟ್ಟೆ, ಆಮೇಲೆ ಮೆಲ್ಲಗೆ ವಿಡಿಯೋ ಮಾಡಲು ಫೋನು ತೆಗೆದಳು. ಡಾಕ್ಟರ್‌ಗೂ ರಂಜನ್ ಸರ್‌ಗೂ ಕಳಿಸ್ಬೇಕು ಆಂಟಿ. ಒಂದ್ಸಲ ಇನ್ನೂ ಕರೀರಿ, ನಾನು ಕರೆದ್ರೆ ಬರಲ್ಲ ಅವಳು, ಥೋಡಾ ಪೀಛೇ ಜಾಓ, ಇನ್ನೂ ಸ್ವಲ್ಪ ಹಿಂದೆ. ಹಿಂದೆ ಹೋದೆ, ಬೆನ್ನಿಗೆ ಅಡುಗೆಮನೆಯ ಗೋಡೆ ತಾಗಿತು, ಇನ್ನು ಹಿಂದೆ ಹೋಗಲು ಜಾಗವಿಲ್ಲ, ಬಲ, ಅಂದೆ, ಮರಿ ತಲೆಯೆತ್ತಿತು, ಬಲ ಬಾಲೆ, ನಡುಗುತ್ತ ಆ ಕಾಲು ಎತ್ತಿತು, ಬಿಡಿಸಿತು, ಅಂಗಾಲು ನೆಲಕ್ಕೆ ಊರಿತು, ಮತ್ತೆ ಎತ್ತಿತು, ನನ್ನ ಕಡೆಗೇ, ಊರಿತು, ಬಲ, ಊರಿತು —